ಸೂಲಂಗಿಯೇ ಏಕೆ?

ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಅಲಂಕಾರವೆಂದರೆ ಪರೀಕ್ಷೆಯ ಒಂದು ಪ್ರಶ್ನೆ. ಲಕ್ಷಣ ಉರು ಹೊಡೆದು, ಉಪಮೇಯ ಉಪಮಾನ ಗುರುತಿಸಿ ಸಮನ್ವಯ ಬರೆದರೆ ಮುಗಿಯಿತು. ಮದ್ದೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವ ನನಗೆ ಇದು ಸಂಕಟದ ವಿಷಯ. ಪದ್ಯಕ್ಕೆ ಜೀವ ಎಲ್ಲಿಂದ ಬರುತ್ತದೆಂದು ತೋರಿಸಬೇಕಾದ ಪಾಠವೇ ಸೊರಗಿಹೋಗಿದೆ.

ನಾನು ಮಕ್ಕಳಿಗೆ ಕೊಡುವ ವಾಕ್ಯ ಇದು: ‘ತಾತನ ತಲೆ ಸೂಲಂಗಿಯಂತೆ ಬೆಳ್ಳಗಾಗಿದೆ.’ ತಲೆ ಉಪಮೇಯ, ಕಬ್ಬಿನ ಹೂವಾದ ಸೂಲಂಗಿ ಉಪಮಾನ, ‘ಅಂತೆ’ ವಾಚಕಪದ, ಬಿಳುಪು ಸಮಾನಧರ್ಮ. ಉತ್ತರಪತ್ರಿಕೆಗೆ ಇಷ್ಟು ಸಾಕು. ಆದರೆ ಹತ್ತಿಯೂ ಬಿಳಿ, ಹಾಲೂ ಬಿಳಿ, ಸೂಲಂಗಿಯೇ ಏಕೆ? ಕಬ್ಬಿನ ಗದ್ದೆ ಕಂಡ ಮಕ್ಕಳಿಗೆ ಉತ್ತರ ಗೊತ್ತು. ಕಬ್ಬು ಸೂಲಂಗಿ ಬಿಟ್ಟಿತೆಂದರೆ ಬೆಳೆಯುವುದು ನಿಂತಿತು. ಕಡಿಯದೆ ಹಾಗೇ ಬಿಟ್ಟರೆ ಜಲ್ಲೆ ಬೆಂಡಾಗುತ್ತದೆ, ಸಿಹಿ ಇಳಿಯುತ್ತದೆ. ಕಟಾವಿನ ಕಾಲ ಹತ್ತಿರವಾಯಿತೆಂದು ವಾಕ್ಯ ಬಾಯಿಬಿಟ್ಟು ಹೇಳಿಲ್ಲ, ಆದರೂ ನಮಗೆ ಕೇಳಿಸಿತು. ಕಾಶ್ಮೀರದ ಆನಂದವರ್ಧನ 9ನೆಯ ಶತಮಾನದಲ್ಲಿ ‘ಧ್ವನಿ’ ಎಂದು ಕರೆದದ್ದು ಇದನ್ನೇ.

‘ಅಂತೆ’ ತೆಗೆದು ‘ತಾತನ ತಲೆಯ ಸೂಲಂಗಿ ಗಾಳಿಗೆ ತೂಗುತ್ತಿದೆ’ ಎನ್ನಿ, ಎರಡೂ ಒಂದೇ ಆಗಿ ರೂಪಕವಾಯಿತು. ‘ಕಡಿಯುವವರನ್ನು ಕರೆಯಲೆಂದೇ ಸೂಲಂಗಿ ತಲೆಯಾಡಿಸುತ್ತಿದೆಯೋ ಏನೋ’ ಎಂದು ಊಹಿಸಿದರೆ ಉತ್ಪ್ರೇಕ್ಷೆ. ಲಕ್ಷ್ಮೀಶನನ್ನು ಉಪಮಾಲೋಲನೆಂದೂ ಕುಮಾರವ್ಯಾಸನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿಯೆಂದೂ ನಮ್ಮವರು ಕರೆದದ್ದು ಈ ವ್ಯತ್ಯಾಸವನ್ನು ಸವಿದೇ.

ಇವು ಅರ್ಥಾಲಂಕಾರಗಳು. ನಾದದ ಕಡೆಯವು ಶಬ್ದಾಲಂಕಾರಗಳು. 9ನೆಯ ಶತಮಾನದ ‘ಕವಿರಾಜಮಾರ್ಗ’ ಎರಡಕ್ಕೂ ಬೇರೆ ಬೇರೆ ಪರಿಚ್ಛೇದ ಇಟ್ಟಿದೆ. ಪ್ರತಿ ಸಾಲಿನ ಎರಡನೆಯ ಅಕ್ಷರ ಹೊಂದಬೇಕೆಂಬ ಆದಿಪ್ರಾಸದ ಕಟ್ಟನ್ನು ಕನ್ನಡ ಕವಿಗಳು ಶತಮಾನಗಳ ಕಾಲ ಪಾಲಿಸಿದರು. ಮಂಜೇಶ್ವರದ ಗೋವಿಂದ ಪೈ 1911ರಲ್ಲಿ ಅದನ್ನು ಬಿಟ್ಟರು. ನಮ್ಮ ಜಿಲ್ಲೆಯ ಬೆಳ್ಳೂರಿನ ಮನೆತನದ ಬಿಎಂಶ್ರೀ 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಹೊಸ ಲಯಗಳನ್ನು ತಂದರು.

ಪುಸ್ತಕದ ಹಂಗಿಲ್ಲದೆ ಬೆಳೆದ ಕಾವ್ಯವೂ ನಮ್ಮಲ್ಲಿದೆ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿ ಪರಂಪರೆಯ ಮಠವಿರುವ ಊರು. ಆ ಪರಂಪರೆಯ ಗಾಯಕರಾದ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಾವ್ಯ ಹಾಡುವಾಗ ಒಂದೇ ಸೊಲ್ಲು ಮತ್ತೆ ಮತ್ತೆ ಬರುತ್ತದೆ. ಇದನ್ನು ಪುನರುಕ್ತಿ ದೋಷ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಹಿಮ್ಮೇಳ ಸೊಲ್ಲೆತ್ತಿದಾಗ ಹಾಡುವವರಿಗೆ ಮುಂದಿನ ಸಾಲು ನೆನೆಯಲು ಬಿಡುವು, ನಡುರಾತ್ರಿ ತೂಕಡಿಸಿದವರಿಗೆ ಕತೆಯ ಎಳೆ.

ಯಾವ ಪಟ್ಟಿಗೂ ಸೇರದ ಒಂದು ತಂತ್ರ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರಲ್ಲಿದೆ. 1942ರ ‘ಮೈಸೂರು ಮಲ್ಲಿಗೆ’ಯ ‘ಬಳೆಗಾರನ ಹಾಡಿ’ನಲ್ಲಿ ಕವಿ ತಾನಾಗಿ ಮಾತಾಡುವುದಿಲ್ಲ. ತವರಿನಲ್ಲಿರುವ ಹೆಂಡತಿಯ ಸುದ್ದಿ ಹೊತ್ತು ಗಂಡನ ಬಾಗಿಲಿಗೆ ಬಂದ ಚೆನ್ನಯ್ಯನೇ ಎಲ್ಲವನ್ನೂ ಹೇಳುತ್ತಾನೆ. ಗಂಡಹೆಂಡಿರ ನಡುವಿನ ಮಾತು ಮೂರನೆಯವನ ಬಾಯಲ್ಲಿ ಬಂದುದರಿಂದಲೇ ಅದಕ್ಕೆ ಆ ಸಂಕೋಚ, ಆ ಆಪ್ತತೆ. ಅಲಂಕಾರ ಹುಡುಕುವ ಮೊದಲು ಇಲ್ಲಿ ಯಾರು ಯಾರಿಗೆ ಹೇಳುತ್ತಿದ್ದಾರೆಂದು ಕೇಳಬೇಕು.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಲಕ್ಷಣಕ್ಕೆ ಕೊಡುವ ಅಂಕ ಕೊಡಿ, ಜೊತೆಗೆ ‘ಈ ಹೋಲಿಕೆಯೇ ಏಕೆ?’ ಎಂಬ ಪ್ರಶ್ನೆಗೂ ಒಂದು ಅಂಕ ಇಡಿ.