ಹಾಲಿನ ಚೀಲದ ಹಿಂದಿರುವ ಲೆಕ್ಕ

ಚೆಂಬೂರಿನ ಅನೇಕ ಮನೆಗಳಲ್ಲಿ ದಿನವು ಮೊದಲಾಗುವುದು ಬಾಗಿಲಿಗೆ ಬಂದ ಹಾಲಿನ ಚೀಲದಿಂದ. ದೂರದ ಹಾಲು ಮುಂಬಯಿಗೆ ಹೊಸದಲ್ಲ. ಗುಜರಾತಿನ ಆನಂದ್‌ನಲ್ಲಿರುವ ಖೇಡಾ ಸಹಕಾರಿ ಸಂಘವು 1948ರಲ್ಲಿಯೇ ಪಾಶ್ಚರೀಕರಿಸಿದ ಹಾಲನ್ನು ಈ ನಗರಕ್ಕಾಗಿ ಸಿದ್ಧಪಡಿಸತೊಡಗಿತು. ಇಂತಹ ಕಾರ್ಖಾನೆಯ ಯಂತ್ರಗಳನ್ನು ಎಷ್ಟರಮಟ್ಟಿಗೆ ನಂಬಬಹುದು?

ಉತ್ತರವು ಸರಳ ಗುಣಾಕಾರದಲ್ಲಿದೆ. ಪಂಪು, ಬಾಯ್ಲರು, ಶೀತಲ ಯಂತ್ರ, ಚೀಲ ತುಂಬುವ ಯಂತ್ರ ಹೀಗೆ ಹತ್ತು ಘಟಕಗಳು ಸಾಲಾಗಿವೆ ಎನ್ನೋಣ. ಪ್ರತಿಯೊಂದೂ ನೂರರಲ್ಲಿ 99 ದಿನ ಸರಿಯಾಗಿ ನಡೆದರೂ, ಹತ್ತೂ ಒಟ್ಟಿಗೆ ನಡೆಯುವುದು ಸುಮಾರು 90 ದಿನ ಮಾತ್ರ. ಅಂದರೆ ವರ್ಷದಲ್ಲಿ ಸುಮಾರು 35 ದಿನ ಅಡಚಣೆ! ಚಕ್ರಬಡ್ಡಿಯು ಸಾಲವನ್ನು ಬೆಳೆಸುವಂತೆ ಸರಪಣಿಯು ಸಣ್ಣ ದೋಷಗಳನ್ನು ಬೆಳೆಸುತ್ತದೆ. ಆದುದರಿಂದಲೇ ಮುಖ್ಯ ಸ್ಥಾನಗಳಲ್ಲಿ ಬದಲಿ ಯಂತ್ರವನ್ನಿಡುತ್ತಾರೆ. ಆದರೆ ಎರಡೂ ಪಂಪುಗಳು ಒಂದೇ ವಿದ್ಯುತ್ ತಂತಿಯನ್ನು ನಂಬಿದ್ದರೆ ಎರಡನೆಯದು ಇದ್ದೂ ಇಲ್ಲದಂತೆ. 2020ರ ಅಕ್ಟೋಬರ್ 12ರಂದು ಮುಂಬಯಿಯ ಬಹುಭಾಗ ಕತ್ತಲಾದಾಗ ಈ ಸತ್ಯವು ನಗರಕ್ಕೆಲ್ಲ ಅರಿವಾಯಿತು.

ಯಂತ್ರ ನಿಂತರೆ ನಷ್ಟ. ಕೆಟ್ಟಿದ್ದೂ ನಿಲ್ಲದಿದ್ದರೆ ರೋಗ. ಹಾಲನ್ನು 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 15 ಸೆಕೆಂಡು ಇರಿಸುವುದು ಸಾಮಾನ್ಯ ಕ್ರಮ. ಶಾಖ ಕಡಿಮೆಯಾದೊಡನೆ ಒಂದು ಕವಾಟವು ಹಾಲನ್ನು ಹಿಂದಕ್ಕೆ ತಿರುಗಿಸುತ್ತದೆ. ವಿದ್ಯುತ್ ಹೋದರೂ ಅದು ಸ್ಪ್ರಿಂಗಿನ ಬಲದಿಂದ ಸುರಕ್ಷಿತ ದಿಕ್ಕಿಗೇ ಬೀಳುವಂತೆ ರಚಿತವಾಗಿದೆ. ಆದರೆ ಉಷ್ಣಮಾಪಕವೇ ಸುಳ್ಳು ಹೇಳಿದರೆ? ಅದಕ್ಕಾಗಿಯೇ ಮಾಪಕಗಳ ತಪಾಸಣೆ, ಹಾಲಿನ ಫಾಸ್ಫಟೇಸ್ ಪರೀಕ್ಷೆಗಳಿವೆ. 1985ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಒಂದು ಡೈರಿಯ ಹಾಲಿನಿಂದ ಸಾಲ್ಮೊನೆಲ್ಲಾ ಸೋಂಕು ಹರಡಿ, 16,000ಕ್ಕೂ ಹೆಚ್ಚು ಪ್ರಕರಣಗಳು ದೃಢಪಟ್ಟವು. ಪಾಶ್ಚರೀಕರಿಸಿದ ಹಾಲಿಗೆ ಹಸಿ ಹಾಲು ಬೆರೆತಿರಬೇಕೆಂಬ ಶಂಕೆ ಉಂಟಾಯಿತು.

ಈ ಸರಪಣಿಯ ಕೊನೆಯ ಕೊಂಡಿ ನಮ್ಮ ಅಡಿಗೆಮನೆ. ಹಾಲನ್ನು ಉಕ್ಕಿಸುವ ಗೃಹಿಣಿಯ ರೂಢಿಯನ್ನು ಹಳೆಯ ಕಾಲದ್ದೆಂದು ನಗುವುದು ಸಲ್ಲದು. ಕಾರ್ಖಾನೆಯ ಯಾವ ಯಂತ್ರಕ್ಕೂ ಅಧೀನವಲ್ಲದ ಬದಲಿ ವ್ಯವಸ್ಥೆ ಅದು. ಆದರೆ ಸೆಕೆಯಲ್ಲಿ ಹೊರಗೆ ಬಹುಕಾಲ ಉಳಿದ ಹಾಲಿನಲ್ಲಿ ಹುಟ್ಟಬಹುದಾದ ಕೆಲವು ವಿಷಗಳು ಕುದಿಸಿದರೂ ನಾಶವಾಗವು. ಆದುದರಿಂದ ಚೀಲ ಬಂದೊಡನೆ ಕಾಯಿಸುವುದು ಅಥವಾ ಶೀತಕದಲ್ಲಿಡುವುದು, ಕಾಯಿಸಿದ ಹಾಲನ್ನೂ ಆರಿದೊಡನೆ ತಂಪಿನಲ್ಲಿಡುವುದು ಇವೆರಡೂ ಅಗತ್ಯ. ಕಾರ್ಖಾನೆಯ ಲೆಕ್ಕ ಎಷ್ಟೇ ಸರಿಯಿದ್ದರೂ ಕೊನೆಯ ಅಂಕಿಯನ್ನು ಬರೆಯುವವರು ನಾವೇ.