ಎರಡು ಲೋಟ ಹಸಿರು ಮದ್ಯದ ಅಪಖ್ಯಾತಿ

1905ರ ಆಗಸ್ಟ್ 28. ಸ್ವಿಟ್ಜರ್ಲೆಂಡಿನ ವೋ ಪ್ರಾಂತದ ಒಂದು ಹಳ್ಳಿಯಲ್ಲಿ ಜಾನ್ ಲಾಂಫ್ರೆ ಎಂಬ ಕೂಲಿಕಾರ ತನ್ನ ಗರ್ಭಿಣಿ ಹೆಂಡತಿಯನ್ನೂ ಇಬ್ಬರು ಪುಟ್ಟ ಹೆಣ್ಣುಮಕ್ಕಳನ್ನೂ ಗುಂಡಿಕ್ಕಿ ಕೊಂದ. ಆ ದಿನ ಆತ ಹೊಟ್ಟೆಗಿಳಿಸಿದ್ದ ಮದ್ಯದ ಪಟ್ಟಿ ದೊಡ್ಡದು: ಲೀಟರುಗಟ್ಟಲೆ ವೈನು, ಬ್ರಾಂದಿ, ಇನ್ನೂ ಏನೇನೋ. ಬೆಳಿಗ್ಗೆ ಕುಡಿದ ಎರಡು ಲೋಟ ಆಬ್ಸಿಂತ್ ಕೂಡ ಅದರಲ್ಲಿತ್ತು. ಜನರ ಕೋಪವೆಲ್ಲ ತಿರುಗಿದ್ದು ಆ ಎರಡು ಲೋಟಗಳ ಮೇಲೆ. ವೈನನ್ನು ಯಾರೂ ದೂರಲಿಲ್ಲ. ಅದು ದ್ರಾಕ್ಷಿ ಬೆಳೆಯುವ ಸೀಮೆ. ಲಾಂಫ್ರೆ ದುಡಿಯುತ್ತಿದ್ದುದೂ ದ್ರಾಕ್ಷಿ ತೋಟದಲ್ಲೇ.

ಆಬ್ಸಿಂತನ್ನು ನಿಷೇಧಿಸಿರೆಂಬ ಮನವಿಗೆ ಸುಮಾರು 82 ಸಾವಿರ ಸಹಿಗಳು ಬಿದ್ದವು. 1908ರಲ್ಲಿ ಜನಮತಗಣನೆ ನಡೆದು ನಿಷೇಧ ಆ ದೇಶದ ಸಂವಿಧಾನವನ್ನೇ ಸೇರಿತು. 1910ರಲ್ಲಿ ಜಾರಿಗೆ ಬಂತು. 1912ರಲ್ಲಿ ಅಮೆರಿಕ, 1915ರಲ್ಲಿ ಫ್ರಾನ್ಸ್ ಅದೇ ದಾರಿ ಹಿಡಿದವು.

ಅಷ್ಟಕ್ಕೂ ಈ ಆಬ್ಸಿಂತ್ ಎಂದರೇನು? ಆರ್ಟೆಮಿಸಿಯಾ ಆಬ್ಸಿಂಥಿಯಂ ಎಂಬ ಕಹಿ ಗಿಡ ಮತ್ತು ಸೋಂಪಿನ ಜಾತಿಯ ಕಾಳುಗಳನ್ನು ಮದ್ಯಸಾರದಲ್ಲಿ ನೆನೆಹಾಕಿ ಭಟ್ಟಿ ಇಳಿಸಿದ ಪೇಯ. ಈ ಗಿಡ ನಮ್ಮ ಹೂವಿನಂಗಡಿಯ ದವನ, ಮಾಚಿಪತ್ರೆಗಳ ದಾಯಾದಿ. ಭಟ್ಟಿಯಾದ ಮೇಲೆ ಮತ್ತಷ್ಟು ಸೊಪ್ಪು ನೆನೆಸುವುದರಿಂದ ಹಸಿರು ಬಣ್ಣ ಬರುತ್ತದೆ. ಮದ್ಯಸಾರದ ಪ್ರಮಾಣ ಶೇಕಡಾ 70ನ್ನು ಮುಟ್ಟುವುದೂ ಉಂಟು. ಆದ್ದರಿಂದಲೇ ಅದನ್ನು ಹಾಗೆಯೇ ಕುಡಿಯುವ ರೂಢಿಯಿಲ್ಲ. ಲೋಟದ ಮೇಲೆ ತೂತುಗಳಿರುವ ಚಮಚ, ಅದರ ಮೇಲೆ ಸಕ್ಕರೆಯ ಅಚ್ಚು. ಮೇಲಿನಿಂದ ತಣ್ಣೀರು ತೊಟ್ಟಿಕ್ಕಬೇಕು. ನೀರು ಬೆರೆಯುತ್ತಿದ್ದಂತೆ ಹಸಿರು ಪೇಯ ಹಾಲಿನಂತೆ ಮಬ್ಬಾಗುತ್ತದೆ. ಇದರಲ್ಲಿ ಮಾಯೆಯೇನೂ ಇಲ್ಲ. ಮದ್ಯಸಾರದಲ್ಲಿ ಕರಗಿದ್ದ ಸೋಂಪಿನ ಎಣ್ಣೆ ನೀರಿನಲ್ಲಿ ಕರಗದು, ಅಷ್ಟೆ. ನೀರಿಗೆ ಡೆಟಾಲ್ ಹಾಕಿದಾಗ ಬೆಳ್ಳಗಾಗುವುದನ್ನು ನಾವೆಲ್ಲ ನೋಡಿಯೇ ಇದ್ದೇವೆ. ಸೋಂಪಿನ ಘಮ, ನಾಲಿಗೆಯ ಕೊನೆಯಲ್ಲಿ ಒಂದಿಷ್ಟು ಕಹಿ: ರುಚಿಯೆಂದರೆ ಇಷ್ಟೇ.

ಈ ಪೇಯ ಹುಟ್ಟಿದ್ದೂ ಸ್ವಿಟ್ಜರ್ಲೆಂಡಿನಲ್ಲೇ, ವಾಲ್ ದ ತ್ರಾವೆರ್ ಕಣಿವೆಯಲ್ಲಿ. 18ನೇ ಶತಮಾನದ ಕೊನೆಯಲ್ಲಿ ಅದು ಔಷಧಿಯೆಂದೇ ಹೆಸರಾಗಿತ್ತು. 1805ರಲ್ಲಿ ಪೆರ್ನೋ ಮನೆತನ ಗಡಿಯಾಚೆ ಫ್ರಾನ್ಸಿನ ಪೊಂತಾರ್ಲಿಯೆಯಲ್ಲಿ ಕಾರ್ಖಾನೆ ತೆರೆಯಿತು. ಅಲ್ಜೀರಿಯಾಕ್ಕೆ ಹೋದ ಫ್ರೆಂಚ್ ಸೈನಿಕರಿಗೆ ಇದನ್ನು ಕೊಡಲಾಗುತ್ತಿತ್ತು. ಅವರು ಅದರ ಚಟವನ್ನು ಊರಿಗೆ ತಂದರು. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಕೀಟ ದ್ರಾಕ್ಷಿ ತೋಟಗಳನ್ನು ನಾಶಮಾಡಿ ವೈನಿನ ಬೆಲೆ ಏರಿದಾಗ ಬಡವರೂ ಆಬ್ಸಿಂತಿನತ್ತ ವಾಲಿದರು. ಸಂಜೆ ಐದರ ಹೊತ್ತಿಗೆ ಪ್ಯಾರಿಸಿನಲ್ಲಿ ‘ಹಸಿರು ಗಳಿಗೆ’ ಎಂದೇ ಹೆಸರು. ಕವಿ ವರ್ಲೇನ್ ಅದಕ್ಕೆ ದಾಸನಾದ. 1876ರ ಸುಮಾರಿಗೆ ದೆಗಾ ಬಿಡಿಸಿದ ಚಿತ್ರದಲ್ಲಿ ಈ ಪೇಯದ ಲೋಟದ ಮುಂದೆ ಮಂಕಾಗಿ ಕುಳಿತ ಹೆಂಗಸನ್ನು ಇಂದಿಗೂ ಕಾಣಬಹುದು. ತೋಟಗಳು ಚೇತರಿಸಿಕೊಂಡ ಮೇಲೆ ಕಳೆದುಕೊಂಡ ಗಿರಾಕಿಗಳು ವೈನಿನವರಿಗೆ ಬೇಕಾದರು. ಪಾನವಿರೋಧಿಗಳಿಗೆ ಅವರ ಬೆಂಬಲ ದೊರೆತದ್ದು ಆಶ್ಚರ್ಯವಲ್ಲ.

ವಿಜ್ಞಾನವೂ ಸಾಕ್ಷಿ ಹೇಳಿತು. ಮ್ಯಾಗ್ನಾನ್ ಎಂಬ ಪ್ಯಾರಿಸಿನ ವೈದ್ಯ ಪ್ರಾಣಿಗಳಿಗೆ ಆ ಕಹಿ ಗಿಡದ ಎಣ್ಣೆ ಕೊಟ್ಟಾಗ ಅವು ಸೆಳವು ಬಂದು ಒದ್ದಾಡಿದವು. ದೋಷಿ ಎಣ್ಣೆಯಲ್ಲಿನ ಥುಜೋನ್ ಎಂದಾಯಿತು. ಆದರೆ ಶುದ್ಧ ಎಣ್ಣೆಯೇ ಬೇರೆ, ಲೋಟದ ಪೇಯವೇ ಬೇರೆ. ನಿಷೇಧಕ್ಕೆ ಮುಂಚಿನ 13 ಹಳೆಯ ಬಾಟಲಿಗಳನ್ನು ಪರೀಕ್ಷಿಸಿದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಲೀಟರಿಗೆ ಸರಾಸರಿ 25 ಮಿಲಿಗ್ರಾಂ ಥುಜೋನ್ ಮಾತ್ರ ಇತ್ತು. ಅಷ್ಟು ಥುಜೋನ್ ತಲೆ ಕೆಡಿಸುವ ಮೊದಲೇ ಮದ್ಯಸಾರ ಕುಡಿದವನನ್ನು ಕೆಡವಿರುತ್ತದೆ. ಅಗ್ಗದ ಸರಕಿಗೆ ಹಸಿರು ಬರಿಸಲು ತಾಮ್ರದ ಲವಣ ಬೆರೆಸುವವರೂ ಇದ್ದರು. ಆ ಕೇಡು ಬೇರೆ. ಹಾಗೆಂದು ಆಬ್ಸಿಂತ್ ಸಾಧುವೆಂದಲ್ಲ. ಅದು ಇಂದಿಗೂ ಬಲವಾದ ಮದ್ಯವೇ. ಆದರೆ ನಿಜವಾದ ಆರೋಪಿ ವೈನಿನ ಬಾಟಲಿಯೊಳಗೂ ಕುಳಿತಿದ್ದ, ಅವನನ್ನು ಯಾರೂ ಕಟಕಟೆಗೆ ಕರೆಯಲಿಲ್ಲ.

ನಿಷೇಧದ ಕಾಲದಲ್ಲೂ ಆ ಸ್ವಿಸ್ ಕಣಿವೆಯ ಮನೆಗಳಲ್ಲಿ ಭಟ್ಟಿ ಆರಲಿಲ್ಲ. ಬಣ್ಣವಿದ್ದರೆ ಗುರುತು ಸಿಕ್ಕೀತೆಂದು ತಿಳಿಯಾಗಿಯೇ ಇಳಿಸುತ್ತಿದ್ದರು. 1983ರಲ್ಲಿ ಆ ಸೀಮೆಗೆ ಬಂದ ಫ್ರಾನ್ಸಿನ ಅಧ್ಯಕ್ಷ ಮಿತ್ತರಾನ್‌ಗೆ ಬಡಿಸಿದ ಸಿಹಿತಿನಿಸಿನಲ್ಲಿ ಆಬ್ಸಿಂತ್ ಇತ್ತೆಂದು ದೊಡ್ಡ ರಗಳೆಯಾಯಿತು. ಬ್ರಿಟನ್ ಮಾತ್ರ ಎಂದೂ ನಿಷೇಧಿಸಿರಲಿಲ್ಲ. 1998ರಲ್ಲಿ ಅಲ್ಲಿಗೆ ಝೆಕ್ ದೇಶದ ಸರಕು ಬಂದ ಮೇಲೆ ಹೊಸ ಶೋಕಿ ಶುರುವಾಯಿತು. ಸ್ವಿಟ್ಜರ್ಲೆಂಡ್ 2005ರಲ್ಲಿ ನಿಷೇಧ ತೆಗೆಯಿತು. 2007ರಲ್ಲಿ ಅಮೆರಿಕ, ಥುಜೋನ್ ಇಲ್ಲವೆನ್ನುವಷ್ಟು ಕಡಿಮೆಯಿರಬೇಕೆಂಬ ಷರತ್ತಿನೊಡನೆ, ಮಾರಾಟಕ್ಕೆ ಬಿಟ್ಟಿತು. ಫ್ರಾನ್ಸಿನ 1915ರ ಕಾನೂನು 2011ರಲ್ಲಿ ರದ್ದಾಯಿತು. ಈಗ ಯುರೋಪಿನ ಅಂಗಡಿಗಳಲ್ಲಿ ಅದು ರಾಜಾರೋಷವಾಗಿ ಸಿಗುತ್ತದೆ. ಕನಸು, ಭ್ರಮೆಗಳನ್ನು ನಿರೀಕ್ಷಿಸಿ ಕೊಂಡವರಿಗೆ ಸಿಗುವುದು ಸೋಂಪಿನ ಘಮ ಮತ್ತು ಮರುದಿನದ ತಲೆನೋವು.

ವಾಲ್ ದ ತ್ರಾವೆರ್‌ನ ಮೋತಿಯೆ ಊರಿನಲ್ಲಿ ಹಿಂದೆ ಕಳ್ಳಭಟ್ಟಿಯವರನ್ನು ನಿಲ್ಲಿಸಿ ಶಿಕ್ಷೆ ವಿಧಿಸುತ್ತಿದ್ದ ನ್ಯಾಯಾಲಯದ ಕಟ್ಟಡದಲ್ಲಿ 2014ರಲ್ಲಿ ಆಬ್ಸಿಂತಿನ ವಸ್ತುಸಂಗ್ರಹಾಲಯ ತೆರೆಯಿತು. ನೋಡಲು ಬಂದವರು ಅಲ್ಲಿಯೇ ಒಂದು ಲೋಟದ ರುಚಿಯನ್ನೂ ನೋಡಬಹುದು.