ಚಳಿಗೆ ಹೆದರಿ ಬರುತ್ತವೆಯೇ ಚಳಿಗಾಲದ ಹಕ್ಕಿಗಳು?

ಡಿಸೆಂಬರ್‌ನಲ್ಲಿ ಮೂಡಿಗೆರೆ ತಾಲೂಕಿನ ದೇವರಮನೆಗೆ ಹಕ್ಕಿ ನೋಡಲು ಹೋದರೆ, ಸುತ್ತಲಿನ ಕಾಡು, ಕಾಫಿ ತೋಟಗಳ ಮರದ ಮೇಲಿಂದ ‘ಚಿಸ್‌ಲೀ, ಚಿಸ್‌ಲೀ’ ಎಂಬ ಕೂಗಿಗೆ ಕಿವಿಗೊಡಿ. ಅದು ಗ್ರೀನಿಶ್ ವಾರ್ಬ್ಲರ್ ಎಂಬ ಉಲಿಯಕ್ಕಿ. ತೂಕ ಸುಮಾರು 8 ಗ್ರಾಂ. ಮರಿ ಮಾಡುವುದು ಹಿಮಾಲಯ ಮತ್ತು ಅದರಾಚೆಯ ಕಾಡುಗಳಲ್ಲಿ.

ಚಳಿ ತಾಳಲಾರದೆ ಇಲ್ಲಿಗೆ ಬರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಇದಕ್ಕಿಂತ ಹಗುರವಾದ, 6 ಗ್ರಾಂ ತೂಗುವ ಗೋಲ್ಡ್‌ಕ್ರೆಸ್ಟ್ ಹಿಮಾಲಯದಲ್ಲೇ ಚಳಿಗಾಲ ಕಳೆಯುತ್ತದೆ! ಗರಿಗಳ ನಡುವೆ ಗಾಳಿ ಹಿಡಿದಿಟ್ಟುಕೊಂಡು ಮೈ ಬೆಚ್ಚಗಿಡುತ್ತದೆ, ಎಲೆ ಉದುರದ ಸೂಚಿಪರ್ಣಿ ಮರಗಳ ಸಂದಿಯಲ್ಲಿ ಹುಳ ಹುಡುಕುತ್ತದೆ. ವಾರ್ಬ್ಲರ್‌ಗೆ ಬೇಕಾದುದು ಹಸಿರೆಲೆಯ ಮೇಲಿನ ಹುಳುಗಳು. ಎಲೆ ಉದುರಿದರೆ ಅಲ್ಲಿ ಅದರ ಊಟ ಮುಗಿಯಿತು.

‘ಅತಿಥಿ’ ಎಂಬ ಮಾತೂ ನನಗೆ ಒಪ್ಪಿಗೆಯಿಲ್ಲ. ಸೆಪ್ಟೆಂಬರ್ ಸುಮಾರಿಗೆ ಬಂದು ಏಪ್ರಿಲ್‌ವರೆಗೆ ಇರುವ ಹಕ್ಕಿ ವರ್ಷದ ಅರ್ಧಕ್ಕಿಂತ ಹೆಚ್ಚು ಕಾಲ ದಕ್ಷಿಣದ್ದೇ. ಒಂದಿಷ್ಟು ಮರಗಳನ್ನು ತನ್ನದಾಗಿಸಿಕೊಂಡು, ಇನ್ನೊಂದು ವಾರ್ಬ್ಲರ್ ಬಂದರೆ ಅಟ್ಟುತ್ತದೆ. ‘ಚಿಸ್‌ಲೀ’ ಅದರ ಬೇಲಿ. ತೋಟದ ನೆರಳಿನ ಮರ ಕಡಿದರೆ ಅದು ಕಳೆದುಕೊಳ್ಳುವುದು ಏಳೆಂಟು ತಿಂಗಳ ಊಟದ ಜಾಗವನ್ನು.

ಅದಕ್ಕೇ ಬೈನಾಕ್ಯುಲರ್ ಹಿಡಿದು ಅಲೆಯುವುದು ಬೇಡ. ಕೂಗು ಕೇಳಿದ ಮರದ ಹತ್ತಿರವೇ ಸ್ವಲ್ಪ ಹೊತ್ತು ಸುಮ್ಮನೆ ನಿಂತರೆ, ಅದೇ ಹಕ್ಕಿ ಮತ್ತೆ ಕಾಣುವ ಸಾಧ್ಯತೆ ಹೆಚ್ಚು.